ಸದ್ದಿಲ್ಲದ ಹೆಲ್ಮೆಟ್ಟು

ಜನ ಹೆಲ್ಮೆಟ್ ಕೊಳ್ಳುವುದು ತಲೆ ಉಳಿಸಿಕೊಳ್ಳಲಿಕ್ಕೆ. ನಾನು ಕೊಂಡದ್ದು ಕಿವಿ ಉಳಿಸಿಕೊಳ್ಳಲಿಕ್ಕೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಹಾಬಾದ, ವಾಡಿ, ಚಿತ್ತಾಪುರದ ಹಾದಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಫಟಫಟಿ ಹೊಡೆಯುವವರು ಎಲ್ಲೋ ಒಬ್ಬಿಬ್ಬರು. ಹಾಕಿಕೊಂಡವನನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತವರು ಮಾತು ನಿಲ್ಲಿಸಿ ನೋಡುತ್ತಿದ್ದರು, ದಾಟಿ ಹೋದಮೇಲೆ ನಗುತ್ತಿದ್ದರು. ನನಗೆ ನಗುವವರ ಚಿಂತೆ ಇರಲಿಲ್ಲ. ಚಂದಾಪುರದ ಒಂದು ಮಾಳಿಗೆಯ ಚಿಂತೆ ಇತ್ತು.

ನಾನು ಆಗ ಶಹಾಬಾದದ ಕಲ್ಲಿನ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕಿದ್ದೆ. ಕಾಗದದಲ್ಲಿ ಕೆಲಸದ ಹೆಸರು ಏನೋ ಬೇರೆ ಇತ್ತು, ಮಾಡುತ್ತಿದ್ದದ್ದು ಮಾತ್ರ ಕಲ್ಲು ಕೇಳುವುದು. ನಮ್ಮ ಕಡೆ ನೆಲಕ್ಕೆ ಫರಸಿ ಕಲ್ಲು, ಕಟ್ಟೆಗೆ ಫರಸಿ, ಮಾಳಿಗೆಗೂ ಫರಸಿಯೇ. ಗೋಡೆಯಿಂದ ಗೋಡೆಗೆ ಕಬ್ಬಿಣದ ಗರ್ಡರು ಇಟ್ಟು, ಅವುಗಳ ಮೇಲೆ ಉದ್ದುದ್ದ ಚಪ್ಪಡಿ ಹಾಸಿ, ಮೇಲೆ ಸುಣ್ಣದ ಗಚ್ಚು ಬಡಿದರೆ ಮನೆಗೆ ಸೂರಾಯಿತು. ನೆಲಕ್ಕೆ ಹಾಸುವ ಕಲ್ಲಿನಲ್ಲಿ ಒಂದು ಸಣ್ಣ ಸೀಳಿದ್ದರೆ ಯಾರೂ ಸಾಯುವುದಿಲ್ಲ, ಕೆಳಗೆ ಭೂಮಿ ಇರುತ್ತದೆ. ಮಾಳಿಗೆಯ ಕಲ್ಲಿನ ಕೆಳಗೆ ಜನ ಮಲಗಿರುತ್ತಾರೆ.

ಆ ಸೀಳು ಕಣ್ಣಿಗೆ ಕಾಣುವಂಥದ್ದಲ್ಲ. ಖಣಿಯಿಂದ ಎಬ್ಬಿಸಿದ ಚಪ್ಪಡಿ ಮೇಲೆ ನುಣ್ಣಗಿದ್ದು ಒಳಗೆ ಕೂದಲೆಳೆಯಷ್ಟು ಬಿಟ್ಟಿರಬಹುದು. ಅದಕ್ಕೆ ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಮೂರು ಕಡೆ ಬಡಿದು ಕೇಳಬೇಕು. ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಆ ಸದ್ದು ತುಸು ಹೊತ್ತು ನಿಲ್ಲುತ್ತದೆ. ಸೀಳಿದ್ದದ್ದು ಬದ್ ಎಂದು ಅಲ್ಲೇ ಸಾಯುತ್ತದೆ. ಖಣ್ ಎಂದ ಕಲ್ಲಿನ ಮೇಲೆ ನಾನು ಕೆಂಪು ಜಾಜಿನಿಂದ ಒಂದು ಗೀಟು ಎಳೆಯುತ್ತಿದ್ದೆ. ಗೀಟು ಬಿದ್ದ ಕಲ್ಲು ಮಾಳಿಗೆಗೆ, ಬೀಳದ್ದು ನೆಲಕ್ಕೆ. ನನ್ನ ಗೀಟಿದ್ದರೆ ಸಾಹುಕಾರರು ಎರಡನೇ ಮಾತು ಕೇಳುತ್ತಿರಲಿಲ್ಲ, ಕೊಳ್ಳುವವರೂ ಕೇಳುತ್ತಿರಲಿಲ್ಲ. ಅದರ ಬಗ್ಗೆ ನನಗೆ ಸೊಕ್ಕಿತ್ತು. ಇತ್ತು ಎಂದು ಒಪ್ಪಿಕೊಳ್ಳಲು ಈಗ ಅಡ್ಡಿಯಿಲ್ಲ.

ಖಣಿಗಳು ಒಂದೇ ಕಡೆ ಇರಲಿಲ್ಲ. ಬೆಳಿಗ್ಗೆ ವಾಡಿ, ಹನ್ನೊಂದಕ್ಕೆ ಚಿತ್ತಾಪುರ, ಮಧ್ಯಾಹ್ನ ಸೇಡಂ ಕಡೆ. ಸಾಹುಕಾರರು ಒಂದು ಫಟಫಟಿ ಕೊಟ್ಟಿದ್ದರು. ನಾನಂತೂ ಒಂದು ಕಡೆ ಕೂತು ಚಹಾ ಆರಿಸಿಕೊಂಡು ಕುಡಿಯುವ ಜಾತಿಯವನಲ್ಲ. ನಾಲಗೆ ಸುಟ್ಟುಕೊಂಡೇ ಎದ್ದುಬಿಡುತ್ತಿದ್ದೆ. ಗಾಡಿಯನ್ನೂ ಹಾಗೆಯೇ ಓಡಿಸುತ್ತಿದ್ದೆ. ಬರಿದಲೆ, ಎದುರುಗಾಳಿ, ಹಾದಿಯ ಎರಡೂ ಕಡೆ ಕೊಯ್ದು ಬರಿದಾದ ಕರಿನೆಲ. ಖಣಿ ಮುಟ್ಟಿ ಗಾಡಿ ನಿಲ್ಲಿಸಿದರೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮೊದಮೊದಲು ಒಂದು ಬೀಡಿ ಸೇದುವಷ್ಟರಲ್ಲಿ ಹೋಗುತ್ತಿತ್ತು. ಆಮೇಲೆ ಎರಡು ಬೀಡಿ ಬೇಕಾಯಿತು. ಆಮೇಲೆ ನಾನು ಕಾಯುವುದನ್ನೇ ಬಿಟ್ಟು, ಗುಂಯ್ ಎನ್ನುತ್ತಿರುವಾಗಲೇ ಸುತ್ತಿಗೆ ಎತ್ತಿಕೊಳ್ಳತೊಡಗಿದೆ.

ಯುಗಾದಿ ಕಳೆದು ಬಿಸಿಲು ಏರಿದ್ದ ದಿನಗಳು. ಒಂದು ಮುಂಜಾನೆ ಚಿತ್ತಾಪುರದ ಖಣಿಗೆ ಹೋದಾಗ ಅಲ್ಲಿಯ ಮುಕದ್ದಮ ನನ್ನನ್ನು ಪಕ್ಕಕ್ಕೆ ಕರೆದ. ಕೆಲಸಗಾರರ ಮೇಸ್ತ್ರಿ ಆತ, ವಯಸ್ಸಾದ ಮುಸಲ್ಮಾನ. ನನಗೆ ಕಲ್ಲು ಕೇಳುವುದನ್ನು ಕಲಿಸಿದವನೇ ಆತ, ನಾನು ಚಾಚಾ ಎನ್ನುತ್ತಿದ್ದೆ. ಲಾರಿ ನಿಲ್ಲುವ ಜಾಗದಲ್ಲಿ ಎರಡು ತುಂಡಾದ ಚಪ್ಪಡಿಯೊಂದು ಬಿದ್ದಿತ್ತು. ಮುರಿದ ಬಾಯಿಯ ಅರ್ಧ ಹೊಸ ಬಿಳುಪು, ಉಳಿದರ್ಧ ಹಳೆಯ ಮಣ್ಣು ಕೂತ ಬಣ್ಣ. ಎಂದರೆ ಸೀಳು ಮೊದಲಿನಿಂದಲೂ ಇತ್ತು.

"ಇದು ನಿಂದೇ ಗೀಟ ಅಲ್ಲೇನು, ಬೇಟಾ?"

ನನ್ನದೇ. ನನ್ನ ಗೀಟು ಎಡಕ್ಕೆ ತುಸು ವಾಲುತ್ತದೆ.

"ಲಾರಿಗಿ ಏರಸುವಾಗ ಬಿಸ್ಕೀಟ ಮುರದಂಗ ಮುರೀತು. ಯಾರ ಕಾಲ ಮ್ಯಾಲೂ ಬೀಳಲಿಲ್ಲ, ಅಲ್ಲಾನ ದಯಾ."

"ಗಾಳ್ಯಾಗ ಬರ್ತೀನಿ ಚಾಚಾ, ಕಿವ್ಯಾಗ ಗುಂಯ್ ಅಂತಿರ್ತದ. ಆವತ್ತ ಗಾಳಿ ಭಾಳ ಇತ್ತು."

ಆತ ಮುರಿದ ತುಂಡನ್ನು ಕಾಲಿನಿಂದ ಬದಿಗೆ ಸರಿಸಿ, "ಆವತ್ತ ಇದರ ಜೋಡಿ ಗೀಟ ಹಾಕಿದ್ದು ಇನ್ನಾ ಹನ್ನೊಂದ ಇದ್ವು. ಅವು ಎಲ್ಲಿ ಹೋಗ್ಯಾವ ನೋಡು. ಹೋಗಿ ಮತ್ತೊಮ್ಮಿ ಕೇಳಿ ಬಾ" ಎಂದ.

ಎಲ್ಲಿ ಹೋಗಿವೆ ಎಂದು ನೋಡಬೇಕಿರಲಿಲ್ಲ, ನನಗೆ ಗೊತ್ತಿತ್ತು. ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ ಶಾಲೆಯ ಮಾಸ್ತರರೊಬ್ಬರು ಮನೆ ಕಟ್ಟಿಸುತ್ತಿದ್ದರು. ಆ ಹನ್ನೊಂದು ಕಲ್ಲು ಅವರ ಮಾಳಿಗೆಗೆ ಹೋಗಿದ್ದವು. ಮಾಸ್ತರರು ತಾವೇ ಖಣಿಗೆ ಬಂದು, ನನ್ನ ಕೈ ಹಿಡಿದು, "ನೀವ ಕೇಳಿ ಕೊಡ್ರಿ, ಸಣ್ಣ ಮಕ್ಕಳ ಮನಿ ಅದ" ಎಂದು ಹೇಳಿ ಹೋಗಿದ್ದರು.

ಆ ದಿನವೇ ಗಾಡಿಯನ್ನು ಚಂದಾಪುರದ ಕಡೆ ತಿರುಗಿಸಬೇಕಿತ್ತು. ತಿರುಗಿಸಿದೆ, ವಾಡಿಯ ಕಡೆಗೆ. ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಿದ್ದೆ: ತಪ್ಪು ಗಾಳಿಯದು. ಅಷ್ಟು ದೂರ ಇದೇ ಗಾಳಿಯಲ್ಲಿ ಹೋದರೆ ಅಲ್ಲಿಯೂ ಕಿವಿ ಗುಂಯ್ ಎನ್ನುತ್ತದೆ, ಕೇಳಿಯೂ ಕೇಳಿದಂತಾಗುವುದಿಲ್ಲ. ಮೊದಲು ಗಾಳಿಯ ಸದ್ದು ತಡೆಯುವ ಹೆಲ್ಮೆಟ್ ಕೊಳ್ಳೋಣ, ಆಮೇಲೆ ಚೊಕ್ಕ ಕಿವಿ ತೆಗೆದುಕೊಂಡು ಹೋಗಿ ಹನ್ನೊಂದನ್ನೂ ಕೇಳಿ ಬರೋಣ. ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ, ಹಾದಿಯುದ್ದಕ್ಕೂ ನನ್ನನ್ನು ನಾನೇ ಮೆಚ್ಚಿಕೊಂಡೆ.

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯೊಂದಿತ್ತು. ಹಣೆತುಂಬ ವಿಭೂತಿಯ, ಯಾವ ಗಿರಾಕಿ ಬಂದರೂ ಅವಸರ ಮಾಡದ ಅಂಗಡಿಕಾರ. ಹೈದರಾಬಾದಿನಿಂದ ತರಿಸಿದ ಮೂರು ಹೆಲ್ಮೆಟ್‌ಗಳನ್ನು ಸೈಕಲ್ ಟೈರುಗಳ ನಡುವೆ ನೇತುಹಾಕಿದ್ದ. ಅವುಗಳ ಮೇಲೆ ಸಿಮೆಂಟ್ ಕಾರ್ಖಾನೆಯ ಧೂಳು ಕೂತಿತ್ತು.

"ಬರ್ರಿ, ಕುಂದ್ರಿ. ಶರಣ್ರಿ."

"ಕುಂದ್ರಾಕ ವ್ಯಾಳ್ಯಾ ಇಲ್ಲ. ಇವುಗಳೊಳಗ ಯಾವುದು ಛಲೋ ಅದ?"

"ಯಾತಕ್ಕ ಛಲೋ ಅಂತ ಮೊದಲ ಹೇಳ್ರಿ. ಬಿದ್ರ ಉಳೀಲಿಕ್ಕೇನು, ಮಂದಿಗಿ ತೋರಸ್ಲಿಕ್ಕೇನು?"

"ಗಾಳಿ ಸದ್ದ ಕೇಳಸಬಾರದು."

ಅಂಗಡಿಕಾರ ನನ್ನ ಮುಖ ನೋಡಿದ. ಇಂಥ ಮಾತು ಅವನು ಕೇಳಿರಲಿಲ್ಲ. ಮೂರನ್ನೂ ಇಳಿಸಿ, ಧೂಳು ಒರೆಸಿ ಮುಂದಿಟ್ಟ. ಒಂದು ಅರ್ಧ ಬುರುಡೆಯದು, ಕಿವಿಯ ಮೇಲೆ ಚರ್ಮದ ಪಟ್ಟಿ ಇಳಿಬಿದ್ದಿತ್ತು. ಇನ್ನೊಂದು ಬಿಳಿಯದು, ಕಿವಿ ಮುಚ್ಚುವಂಥದು, ಹಣೆಯ ಮುಂದೆ ಬಿಸಿಲಿಗೆ ಅಡ್ಡವಾಗಿ ಚಾಚಿದ ಅಂಚು. ಮೂರನೆಯದು ಗಲ್ಲವನ್ನೂ ಸೇರಿಸಿ ಇಡೀ ತಲೆ ನುಂಗುವಂಥದು, ಬೂದಿ ಬಣ್ಣ, ಒಳಗೆ ದಪ್ಪನೆಯ ಸ್ಪಂಜು, ಕಣ್ಣ ಮುಂದೆ ಎತ್ತಿ ಇಳಿಸುವ ಗಾಜು. ನೋಡಲು ಕುರೂಪ.

ಆಗ ನಾನು ಮಾಡಿದ್ದನ್ನು ಕಲ್ಲಿನ ಕೆಲಸದವನು ಬಿಟ್ಟು ಬೇರೆ ಯಾರೂ ಮಾಡಲಾರರು. ಮೂರನ್ನೂ ಒಂದೊಂದಾಗಿ ಎಡಗೈಯಲ್ಲಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ಬಡಿದು ಕೇಳಿದೆ.

"ಅದೇನ ಮಾಡಾಕತ್ತೀರಿ? ಕಲ್ಲಂತ ತಿಳಕೊಂಡೀರೇನು?"

"ಒಳಗ ಗಟ್ಟಿ ಅದನೋ ಇಲ್ಲೋ ನೋಡಾಕತ್ತೀನಿ."

ಅರ್ಧ ಬುರುಡೆಯದು ತಗಡಿನಂತೆ ಅಂದಿತು. ಬೂದಿ ಬಣ್ಣದ್ದು ಬದ್ ಎಂದು ಅಲ್ಲೇ ಸತ್ತಿತು; ನನ್ನ ಕೈ ತಾನಾಗಿಯೇ ಹಿಂದೆ ಸರಿಯಿತು. ಬದ್ ಎಂದದ್ದನ್ನು ಒಲ್ಲೆ ಅನ್ನುವುದೇ ನನ್ನ ಅನ್ನ. ಬಿಳಿಯದು ಮಾತ್ರ ಬಡಿದಲ್ಲೆಲ್ಲ ಖಣಖಣ ಎಂದಿತು. ಅಷ್ಟು ಚೊಕ್ಕ ಸದ್ದು ಬಂದ ವಸ್ತುವನ್ನು ಕೆಳಗಿಡಲು ನನಗೆ ಮನಸ್ಸಾಗಲಿಲ್ಲ. ಅಂಗಡಿಕಾರ ಬೂದಿ ಬಣ್ಣದ್ದನ್ನು ಒಮ್ಮೆ ತಲೆಗೆ ಹಾಕಿ ನೋಡಿ ಎಂದ. ನಾನು ಅವನ ಮೇಲೆ ಸಿಡುಕಿ, ಬಿಳಿಯದನ್ನೇ ಕಟ್ಟಿಸಿಕೊಂಡು ಹೊರಟೆ.

ವಾಡಿ ದಾಟಿ ರೈಲ್ವೆ ಗೇಟಿನ ಆಚೆ ಗಾಡಿಗೆ ವೇಗ ಕೊಟ್ಟೆ. ಏನು ಹೇಳಲಿ! ದೇವರ ಗುಡಿಯ ಗಂಟೆಯೊಳಗೆ ತಲೆ ಇಟ್ಟು ಹೊರಗಿನಿಂದ ಯಾರಾದರೂ ಬಡಿದರೆ ಹೀಗೇ ಇದ್ದೀತು. ಹಣೆಯ ಅಂಚಿಗೆ ಗಾಳಿ ಸಿಕ್ಕು ಸೀಟಿ ಹೊಡೆಯಿತು, ಕಿವಿಯ ಕೆಳಗಿನಿಂದ ನುಗ್ಗಿದ ಗಾಳಿ ಒಳಗೇ ಸುತ್ತಿ ಭೋರ್ ಎಂದಿತು, ಗಲ್ಲದ ಪಟ್ಟಿಯ ತುದಿ ಪಟಪಟ ಬಡಿಯಿತು. ಬರಿದಲೆಯಲ್ಲಿ ಗಾಳಿ ಬಂದು ಹೋಗುತ್ತಿತ್ತು. ಇದರಲ್ಲಿ ಬಂದ ಗಾಳಿ ಮನೆ ಮಾಡಿ ಕೂತಿತು. ಚಿತ್ತಾಪುರ ಮುಟ್ಟುವಷ್ಟರಲ್ಲಿ ನನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು.

ಹೋಗಿ ಕೊಟ್ಟು ಬೇರೆ ತರುವುದು ಬಿಟ್ಟು, ಆ ಹೆಲ್ಮೆಟ್ಟನ್ನೇ ಸರಿಮಾಡಲು ನಾಲ್ಕೈದು ದಿನ ಕಳೆದೆ. ಹಣೆಯ ಅಂಚನ್ನು ಬಿಚ್ಚಿ ಎಸೆದೆ. ಸೀಟಿ ನಿಂತಿತು, ಭೋರ್ ನಿಲ್ಲಲಿಲ್ಲ. ಕುತ್ತಿಗೆಗೆ ರುಮಾಲು ಸುತ್ತಿ ಕೆಳಗಿನ ಸಂದು ಮುಚ್ಚಿದೆ. ಅದರಿಂದ ತುಸು ಗುಣ ಕಂಡಿತು, ಆದರೆ ಆ ಬಿಸಿಲಿನಲ್ಲಿ ಬೆವರಿ ಕುತ್ತಿಗೆಯೆಲ್ಲ ಬೊಕ್ಕೆ ಎದ್ದವು. ಕಿವಿಗೆ ಅರಳೆ ತುರುಕಿಕೊಂಡೆ. ಸದ್ದು ಚೆನ್ನಾಗಿಯೇ ತಗ್ಗಿತು, ಹಿಂದಿನಿಂದ ಬಂದ ಲಾರಿಯ ಹಾರ್ನೂ ತಗ್ಗಿತು. ಲಾರಿಯವನು ಪಕ್ಕಕ್ಕೆ ಬಂದು ನನ್ನ ಮನೆತನದ ಬಗ್ಗೆ ಅಂದದ್ದು ಮಾತ್ರ ಅರಳೆಯನ್ನೂ ದಾಟಿ ಕೇಳಿಸಿತು.

ಮನೆಯಲ್ಲಿ ನನ್ನ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಹನ್ನೊಂದು ಕಲ್ಲಿನ ಸುದ್ದಿ ಅವಳಿಗೆ ಹೇಳಿರಲಿಲ್ಲ. ಊಟಕ್ಕೆ ಕೂತರೆ ನನ್ನ ಬೆರಳು ತಾಟು ಬಡಿಯುತ್ತಿತ್ತು, ತಂಬಿಗೆ ಬಡಿಯುತ್ತಿತ್ತು, ಎದ್ದು ಹೋಗುವಾಗ ಬಾಗಿಲು ಬಡಿಯುತ್ತಿತ್ತು. ಖಣ್ ಎನ್ನುತ್ತದೋ ಇಲ್ಲವೋ ಎಂದು ನಾನು ನನ್ನ ಕಿವಿಯನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ, ಆ ಪರೀಕ್ಷೆ ಮುಗಿಯುತ್ತಲೇ ಇರಲಿಲ್ಲ.

"ಉಣ್ಣೋ ತಾಟ ಬಡೀಬ್ಯಾಡ್ರಿ. ಏನಾಗ್ಯಾದ ನಿಮಗ?"

"ಹೆಲ್ಮೆಟ್ ಸದ್ದ ಮಾಡ್ತದ."

"ಸಾವಕಾಶ ಹೊಡೀರಿ, ಮಾಡಂಗಿಲ್ಲ."

ಇಷ್ಟು ಸರಳವಾದ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮರುದಿನ ಯಾರಿಗೂ ಹೇಳದೆ ನಿಧಾನ ಹೊಡೆದು ನೋಡಿದೆ. ಅವಳು ಹೇಳಿದ್ದು ಖರೇ ಇತ್ತು, ಸದ್ದು ಅರ್ಧಕ್ಕರ್ಧ ಇಳಿಯಿತು. ಎರಡು ಮೈಲಿ ಹಾಗೆ ಹೋದೆ. ಆಮೇಲೆ ತಲೆಯಲ್ಲಿ ಚಂದಾಪುರ ಬಂತು, ಕೈ ತಾನಾಗಿ ತಿರುಗಿ ಗಾಡಿ ಮತ್ತೆ ಓಡತೊಡಗಿತು.

ಕೊನೆಗೆ ಸೋತು ವಾಡಿಗೆ ಹೋದೆ. ಅಂಗಡಿಕಾರನಿಗೆ ನನ್ನನ್ನು ನೋಡಿ ನಗು ತಡೆಯಲಾಗಲಿಲ್ಲ.

"ಖಣಖಣ ಅಂತೇನ್ರಿ ಮತ್ತ?"

ಬೈಯಬೇಕೆಂದು ಬಂದವನು ಬೈಯಲಿಲ್ಲ. ಕೂತೆ. ಅವನು ಬಿಳಿಯ ಹೆಲ್ಮೆಟ್ಟನ್ನು ತಿರುಗಿಸಿ ಒಳಗೆ ಬೆರಳಾಡಿಸಿ ತೋರಿಸಿದ. ಒಳಗೆ ತೆಳ್ಳನೆಯ ಬಟ್ಟೆ, ಅದರಾಚೆ ಬರಿಯ ಬುರುಡೆ. "ನೀವು ಬಡದಾಗ ಅಂದದ್ದ ಗಾಳಿ ಬಡದಾಗೂ ಅಂತದ. ನಿಮಗ ಸುಮ್ಮನಿರೋದು ಬೇಕಿತ್ತು, ನೀವು ಮಾತಾಡೋದು ಒಯ್ದ್ರಿ." ಆಮೇಲೆ ಬೂದಿ ಬಣ್ಣದ್ದನ್ನು ನನ್ನ ತಲೆಗೆ ಇಳಿಸಿದ. ಅದರ ಗಲ್ಲದ ಭಾಗ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದ. ಹೆಲ್ಮೆಟ್ ತಿರುಗಿತು, ನನ್ನ ಗಲ್ಲದ ಚರ್ಮ ಇದ್ದಲ್ಲೇ ಇತ್ತು. "ದೊಡ್ಡದು ಆಯ್ತು. ಟೊಪ್ಪಿಗಿ ಜೋಡಿ ಗಲ್ಲಾನೂ ತಿರಗಬೇಕು. ಇಲ್ಲಿ ಬೆರಳ ಹೋಗ್ತದ ನೋಡ್ರಿ, ಬೆರಳ ಹೋದಲ್ಲಿ ಗಾಳಿನೂ ಹೋಗ್ತದ. ಇದರಾಗ ಸಣ್ಣದು ತರಸ್ತೀನಿ. ಒಂದ ವಾರ ತಡೀರಿ."

ಒಂದು ವಾರ! ಕುಂತಲ್ಲಿ ಕೂರದ ನನಗೆ ಇದನ್ನು ಕೇಳಿ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದು ವಾರ ಚಂದಾಪುರಕ್ಕೆ ಹೋಗದಿರಲು ನೆವ ಸಿಕ್ಕಿತಲ್ಲ ಎಂದು ಒಳಗೊಳಗೆ ಹಗುರಾಯಿತು. ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ವಾರಕ್ಕೆ ಸರಿಯಾಗಿ ಹೆಲ್ಮೆಟ್ ಬಂತು. ಹಾಕಿಕೊಳ್ಳುವಾಗ ಕಿವಿ ಮಡಿಚಿ ನೋವಾಯಿತು, ಒಳಗೆ ಹೋದಮೇಲೆ ಗಲ್ಲಗಳು ಉಬ್ಬಿ ಬಾಯಿ ಮುಂದೆ ಬಂತು. ಅಂಗಡಿಕಾರ ನನ್ನನ್ನು ಅರ್ಧ ಗಂಟೆ ಅದನ್ನು ಹಾಕಿಸಿಯೇ ಕೂರಿಸಿದ. ಎಲ್ಲಾದರೂ ಒಂದೇ ಕಡೆ ಒತ್ತುತ್ತದೋ, ತಲೆ ನೋಯುತ್ತದೋ ನೋಡಬೇಕಂತೆ. ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿ ಜೋಡಿಸುತ್ತಿದ್ದರು. ಆ ಬಡಿತ ದೂರದ ಮನೆಯಲ್ಲಿ ಯಾರೋ ಕುಟ್ಟಿದಂತೆ ಕೇಳುತ್ತಿತ್ತು. ಬೆವರು ಕಣ್ಣಿಗೆ ಇಳಿಯಿತು. ನಂತರ ರೈಲ್ವೆ ಗೇಟಿನವರೆಗೆ ಓಡಿಸಿ ಬರಲು ಕಳಿಸಿದ. ಗಾಜು ಇಳಿಸಿ ವೇಗ ಕೊಟ್ಟೆ. ಗಾಳಿ ಇತ್ತು, ಎದೆಗೆ ಬಡಿಯುತ್ತಿತ್ತು, ಅಂಗಿಯನ್ನು ಎಳೆದಾಡುತ್ತಿತ್ತು, ಆದರೆ ಕಿವಿಗೆ ಬಂದದ್ದು ಒಂದು ಮೆಲ್ಲನೆಯ ಸೋ ಮಾತ್ರ. ಗಲ್ಲದ ಕೆಳಗೆ ಇನ್ನೂ ತುಸು ನುಸುಳುತ್ತಿತ್ತು, ರುಮಾಲನ್ನು ಅಲ್ಲಿಗೆ ಒತ್ತಿದರೆ ಅದೂ ನಿಂತಿತು. ಗೇಟಿನ ಹತ್ತಿರ ನಿಂತು ನಾನು ಸಣ್ಣ ಮಕ್ಕಳಂತೆ ನಕ್ಕೆ. ಗೆದ್ದೆ ಅನ್ನಿಸಿತು.

ತಿರುಗಿ ಬಂದಾಗ ಅಂಗಡಿಯ ಮುಂದೆ ನಮ್ಮ ಸಾಹುಕಾರರ ಲಾರಿ ನಿಂತಿತ್ತು. ಡ್ರೈವರ್ ಹಿಂದಿನ ದಿನ ಚಿಂಚೋಳಿ ಕಡೆ ಹೋಗಿ ಬಂದಿದ್ದ.

"ಮಾಸ್ತರ ಮನೀ ಮಾಳಿಗಿಗಿ ಕಲ್ಲ ಹಾಸ್ಯಾರ್ರಿ. ನಾಡದ ಶುಕ್ರವಾರ ಗಚ್ಚ ಹಾಕ್ತಾರಂತ. ಮಳಿಗಾಲದಾಗ ಒಳಗ ಇರಬೇಕಂತಾರ."

ಅಂದು ಬುಧವಾರ. ಗಚ್ಚು ಬಿದ್ದಮೇಲೆ ಕಲ್ಲು ಬಡಿದು ಕೇಳುವುದು ಆಗದ ಮಾತು. ಮೇಲೆ ಗೇಣು ದಪ್ಪ ಸುಣ್ಣ ಕೂತರೆ ಎಲ್ಲ ಕಲ್ಲೂ ಬದ್ ಎನ್ನುತ್ತದೆ.

ಗುರುವಾರ ಬೆಳಿಗ್ಗೆ ಹೊರಟಾಗ ಹೆಂಡತಿ ತಾನೂ ಬರುತ್ತೇನೆ ಎಂದಳು. ಅವಳ ಅಕ್ಕನ ಮನೆ ಚಂದಾಪುರದಲ್ಲೇ ಇತ್ತು. ಬೇಡ ಎಂದೆ, ಕೇಳಲಿಲ್ಲ. ಸೆರಗನ್ನು ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿಕೊಂಡು ಹಿಂದೆ ಕೂತಳು. ಸೇಡಂ ಮುಟ್ಟಿದಾಗ ಬಸ್ ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಂತೆವು. ಆಡಕಿ ಬಸ್ಸಿಗೆ ಕಾದು ಕೂತವರೆಲ್ಲ ನನ್ನ ಬೂದಿ ತಲೆಯನ್ನು ನೋಡಿದರು. ಹೆಲ್ಮೆಟ್ ತೆಗೆದಾಗ ಕಿವಿಯಲ್ಲಿ ಇನ್ನೂ ಗುಂಯ್ ಇತ್ತು. ಎಂಜಿನ್ನಿನದಿರಬೇಕು, ಬಿಸಿಲಿನದಿರಬೇಕು ಎಂದುಕೊಂಡೆ. ಅಲ್ಲೇ ಅವಳಿಗೆ ಮುರಿದ ಕಲ್ಲಿನ ಸುದ್ದಿ, ಉಳಿದ ಹನ್ನೊಂದರ ಸುದ್ದಿ ಹೇಳಿದೆ.

ಅವಳು ಚಹಾದ ಬಸಿಯನ್ನು ಕೆಳಗಿಟ್ಟಳು. "ಎಷ್ಟ ದಿನ ಆಯ್ತು?"

"ಎರಡ ವಾರದ ಮ್ಯಾಲ."

"ಎರಡ ವಾರ ನೀವು ಟೊಪ್ಪಿಗಿ ಹುಡಕಾಕತ್ತಿದ್ರೇನು?"

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಅಲ್ಲಿಂದ ಚಂದಾಪುರದವರೆಗೆ ಅವಳು ಏನು ಮಾತಾಡಿದ್ದರೂ ಹೆಲ್ಮೆಟ್ಟಿನೊಳಗೆ ನನಗೆ ಕೇಳಿಸುತ್ತಿರಲಿಲ್ಲ.

ಮಾಸ್ತರರು ರಜೆ ಹಾಕಿ ಮನೆಯ ಹತ್ತಿರವೇ ಇದ್ದರು. ನನ್ನನ್ನು ಕಂಡು ಅವರಿಗೆ ಸಂತೋಷ. ಅಂಗಳದಲ್ಲಿ ಸುಣ್ಣ ಅರೆದು ರಾಶಿ ಹಾಕಿದ್ದರು. ಗೌಂಡಿ, ನಮ್ಮ ಕಡೆ ಗೋಡೆ ಮಾಳಿಗೆ ಕಟ್ಟುವವನನ್ನು ಹಾಗೆ ಕರೆಯುತ್ತಾರೆ, ಮೇಲೆ ಮಾಳಿಗೆಯಲ್ಲಿ ನಾಳೆಯ ಕೆಲಸಕ್ಕೆ ಹಗ್ಗ ಎಳೆಯುತ್ತಿದ್ದ. ಅಳತೆ ನೋಡಿ ಹೋಗಲು ಬಂದೆ ಎಂದು ಸುಳ್ಳು ಹೇಳಿ ಏಣಿ ಹತ್ತಿದೆ. ಹೆಂಡತಿಯೂ ಹತ್ತಿ ಬಂದು ಗೋಡೆಯ ಮೇಲೆ ಕೂತಳು. ಹನ್ನೊಂದು ಕಲ್ಲು ಗರ್ಡರುಗಳ ಮೇಲೆ ಒಣಗೇ ಹಾಸಿದ್ದವು. ಮಲಗಿಸಿದ ಕಲ್ಲು ನಿಲ್ಲಿಸಿದ ಕಲ್ಲಿನಷ್ಟು ಚೊಕ್ಕ ಸದ್ದು ಕೊಡುವುದಿಲ್ಲ. ಗೌಂಡಿಯ ಹಾರೆಯಿಂದ ಒಂದೊಂದರ ಅಂಚನ್ನು ತುಸು ಎತ್ತಿ, ಕೆಳಗೆ ಒಂದು ಹರಳು ಕೊಟ್ಟು, ಸುತ್ತಿಗೆ ಹಾಕಿದೆ.

ಗಾಳಿ ಇರಲಿಲ್ಲ. ಕಿವಿಗೆ ಏನೂ ಬಡಿದಿರಲಿಲ್ಲ. ಒಂದು, ಎರಡು, ಮೂರು, ಹೀಗೆ ಕೊನೆಯವರೆಗೆ ಕೇಳಿದೆ. ಎಲ್ಲವೂ ಒಂದೇ ತರಹ, ಎಲ್ಲವೂ ಸರಿಯಾಗಿ ಅಂದವು. ನನ್ನ ಎದೆಯಿಂದ ಎರಡು ವಾರದ ಭಾರ ಇಳಿಯಿತು. ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು, ಅಷ್ಟು ಸಂತೋಷ. ಕೆಳಗೆ ನಿಂತ ಮಾಸ್ತರರಿಗೆ, "ಎಲ್ಲಾ ಛಲೋ ಅವ ಸರ, ನಾಳಿ ಗಚ್ಚ ಹಾಕ್ರಿ" ಎಂದು ಕೂಗಿ ಹೇಳಿದೆ.

"ಆ ಮೂರನೇದು ಬ್ಯಾರೆ ಅಂತದಲ್ರಿ" ಎಂದಳು ಹೆಂಡತಿ.

ನಾನು ಅವಳ ಮೇಲೆ ಹರಿಹಾಯ್ದೆ. ಇಪ್ಪತ್ತು ವರ್ಷದಿಂದ ಕಲ್ಲು ಕೇಳುತ್ತಿರುವವನು ನಾನೋ ನೀನೋ ಎಂದೆ. ಅವಳು ಹೆದರಲಿಲ್ಲ. ಸಂತೆಯಲ್ಲಿ ಒಂದು ನೀರಿನ ಗಡಿಗೆ ಕೊಳ್ಳಬೇಕಾದರೆ ಹತ್ತು ಗಡಿಗೆ ಬಡಿದು ಕೇಳುವವಳು ಅವಳು. ಅವಳು ತಂದ ಗಡಿಗೆ ನಮ್ಮ ಮನೆಯಲ್ಲಿ ಒಂದೂ ಸೋರಿರಲಿಲ್ಲ. "ಮತ್ತೊಮ್ಮಿ ಬಡೀರಿ" ಎಂದಳು. ಎರಡನೆಯದನ್ನು ಬಡಿದೆ, ಮೂರನೆಯದನ್ನು ಬಡಿದೆ. ನನಗೆ ಎರಡೂ ಒಂದೇ. ಮತ್ತೆ ಬಡಿದೆ, ಜೋರಾಗಿ. ಒಂದೇ. ಅವಳು ನನ್ನ ಮುಖ ನೋಡುತ್ತಿದ್ದಳು. ಆ ನೋಟದಲ್ಲಿ ವಾದ ಇರಲಿಲ್ಲ, ಹೆದರಿಕೆ ಇತ್ತು.

ನಾನು ಗೌಂಡಿಯ ಕಡೆ ತಿರುಗಿದೆ. "ನಿನಗ ಹ್ಯಾಂಗ ಕೇಳಸ್ತು?"

ಗೌಂಡಿ ಹಗ್ಗ ಸುತ್ತುತ್ತ ನೆಲ ನೋಡಿದ. "ಬದ್ ಅಂತದ್ರಿ. ಹಾಸುವಾಗನ ಗೊತ್ತಾಗಿತ್ತು."

"ಗೊತ್ತಾದ್ರ ಯಾಕ ಹೇಳಲಿಲ್ಲೋ?"

"ನಿಮ್ಮ ಕೆಂಪ ಗೀಟ ಇತ್ತಲ್ರಿ. ನಿಮಗಿಂತ ನನಗ ಹೆಚ್ಚ ಕೇಳಸ್ತದೇನು ಅಂತ ಸುಮ್ಮನಿದ್ದೆ."

ಗೌಂಡಿಯೂ ನಾನೂ ಸೇರಿ ಮೂರನೆಯ ಕಲ್ಲನ್ನು ಹಾರೆ ಹಾಕಿ ಎಬ್ಬಿಸಿದೆವು. ಗರ್ಡರಿನಿಂದ ಅರ್ಧ ಎದ್ದಿತು, ಅಷ್ಟರಲ್ಲಿ ನಡುವೆ ಬಾಯಿಬಿಟ್ಟು ಎರಡು ತುಂಡಾಗಿ ಕೆಳಗಿನ ಕೋಣೆಗೆ ಬಿತ್ತು. ಧೂಳು ಮೇಲೆದ್ದು ಬಂತು. ಮಾಸ್ತರರು ಹೊರಗೆ ಅಂಗಳದಲ್ಲಿದ್ದರು, ಕೋಣೆಯಲ್ಲಿ ಯಾರೂ ಇರಲಿಲ್ಲ. ಅವರು ಓಡಿ ಒಳಗೆ ಬಂದು, ತುಂಡುಗಳನ್ನು ನೋಡಿ, ಕಲ್ಲು ಹೋದ ಸಂದಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅಂದು ಗಾಳಿಯ ಹೆಸರು ಹೇಳಬಹುದಿತ್ತು. ಆದರೆ ತಲೆಗೆ ಬಿಗಿಯಾಗಿ ಕೂರುವ, ಗಾಳಿ ನುಸುಳದ ಹೆಲ್ಮೆಟ್ ಹುಡುಕಿ ಹುಡುಕಿ ಕೊಂಡು, ನೆವ ಹೇಳಲಿಕ್ಕೆ ನಾನು ಗಾಳಿಯನ್ನೂ ಉಳಿಸಿಕೊಂಡಿರಲಿಲ್ಲ.

"ಉಳದ ಹತ್ತ ಹ್ಯಾಂಗವ್ರಿ?" ಎಂದು ಕೇಳಿದರು ಮಾಸ್ತರರು. ಸಿಟ್ಟು ಇರಲಿಲ್ಲ. ಆಗಲೂ ನನ್ನ ಮಾತನ್ನೇ ನಂಬಲು ತಯಾರಾಗಿ ನಿಂತಿದ್ದರು.

"ನನ್ನ ಕೇಳಬ್ಯಾಡ್ರಿ ಸರ," ಎಂದೆ. "ನನಗ ಕಲ್ಲ ಕೇಳಸವಲ್ದು. ಆಕಿನ್ನ ಕೇಳ್ರಿ."

ಸುತ್ತಿಗೆಯನ್ನು ಹೆಂಡತಿಯ ಕಡೆ ಚಾಚಿದೆ. ಅವಳು ಕಿವಿಯ ಮೇಲಿನ ಸೆರಗು ಸರಿಸಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲನೆಯ ಕಲ್ಲಿನ ಹತ್ತಿರ ಹೋಗಿ ಕೂತಳು.